ಹಂಗಳದಲ್ಲಿ ಮುಳುಗಿದ ಕ್ಲಿಪ್ ಆರ್ಟ್ ಸೂರ್ಯ

ಹಂಗಳದ ಮಾದಮ್ಮನವರು ಬೆಳಿಗ್ಗೆ ನುಂಗಬೇಕಾದ ಮಾತ್ರೆಯನ್ನು ಹನ್ನೊಂದು ದಿನ ಸಂಜೆ ನುಂಗಿದರು. ಹನ್ನೆರಡನೆಯ ದಿನ ಬೆಳಗಿನ ಜಾವ ಬಾಗಿಲಿಗೆ ನೀರು ಹಾಕಲು ಹೊರಟವರು ಕೈ ನಡುಗಿ, ಮೈಯೆಲ್ಲ ಬೆವೆತು, ಚೊಂಬಿನ ಸಮೇತ ಹೊಸ್ತಿಲ ಮೇಲೆ ಕುಸಿದು ಕೂತರು.

ತಪ್ಪು ಯಾರದ್ದು? ನನ್ನದು.

ನಾನು ಡಾಕ್ಟರಲ್ಲ. ಔಷಧಿ ಅಂಗಡಿಯವಳೂ ಅಲ್ಲ. ಚಾಮರಾಜನಗರದಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್ ಇಟ್ಟುಕೊಂಡಿರುವ, ನಲವತ್ತೆಂಟು ದಾಟಿದ ಹೆಂಗಸು. ಗುಂಡ್ಲುಪೇಟೆಯಾಚೆಯ ಹಂಗಳದ ಮಾದಮ್ಮನವರ ಮುಖವನ್ನು ಅಲ್ಲಿಯವರೆಗೆ ನೋಡಿಯೂ ಇರಲಿಲ್ಲ. ಆದರೂ ಅವರ ಮಾತ್ರೆಯ ಹೊತ್ತು ತಪ್ಪಿದ್ದು ನನ್ನ ಕೈಯಿಂದಲೇ. ಹೇಗೆ ಅಂತ ಹೇಳಬೇಕಾದರೆ ನನ್ನ ಕಂಪ್ಯೂಟರಿನಿಂದ ಶುರು ಮಾಡಬೇಕು.

ಈ ಅಂಕಣ ಓದುವವರಿಗೆ ಆ ಕಂಪ್ಯೂಟರ್ ಹೊಸದಲ್ಲ. ಎರಡು ಹಳೆಯ ಟೈಪ್‌ರೈಟರ್‌ಗಳನ್ನು ಅಟ್ಟ ಹತ್ತಿಸಿ ಅದಕ್ಕೆ ಜಾಗ ಮಾಡಿದ ಕಥೆಯನ್ನು ಹೋದ ವರ್ಷ ಬರೆದಿದ್ದೆ. ನಮ್ಮೂರು ಜಿಲ್ಲಾ ಕೇಂದ್ರವಾದ ಮೇಲೆ ಅರ್ಜಿ ಬರೆಸುವವರಿಗೂ ಟೈಪಿನ ಅಕ್ಷರ ಸಾಲದಾಗಿದೆ. ಕಂಪ್ಯೂಟರಿನಲ್ಲೇ ಮಾಡಿಕೊಡಿ, ಸಾಹೇಬರು ಬೇಗ ಓದುತ್ತಾರೆ ಅನ್ನುತ್ತಾರೆ. (ಸಾಹೇಬರು ಓದುವುದೇ ಇಲ್ಲ ಅನ್ನುವುದು ಅವರಿಗೂ ಗೊತ್ತು, ನನಗೂ ಗೊತ್ತು.)

ಕಂಪ್ಯೂಟರಿನ ಜೊತೆ ಆಫೀಸು ಕೆಲಸದ ಸಾಫ್ಟ್‌ವೇರ್ ಬಂತು. ಸಾಫ್ಟ್‌ವೇರಿನ ಜೊತೆ ಒಂದು ಸಿ.ಡಿ. ಬಂತು. ಸಿ.ಡಿ. ತುಂಬ ಚಿತ್ರಗಳು. ಅವಕ್ಕೆ ಕ್ಲಿಪ್ ಆರ್ಟ್ ಅಂತ ಹೆಸರು. ನಾವು ಬರೆಯಬೇಕಾಗಿಲ್ಲ, ಯಾರೋ ಬರೆದಿಟ್ಟಿದ್ದಾರೆ. ಪಟ್ಟಿಯಲ್ಲಿ ಆರಿಸಿ ಬಟನ್ ಒತ್ತಿದರೆ ಸಾಕು, ಸಂಜೆ ದನ ತಾನಾಗಿ ಕೊಟ್ಟಿಗೆಗೆ ಬಂದು ನಿಲ್ಲುವ ಹಾಗೆ ಚಿತ್ರ ಪುಟಕ್ಕೆ ಬಂದು ನಿಲ್ಲುತ್ತದೆ.

ಹೊಸದರಲ್ಲಿ ನನಗೆ ಅದರ ಹುಚ್ಚು ಹಿಡಿದಿತ್ತು. ಸೀಮಂತದ ಕರೆಯೋಲೆಗೆ ತೊಟ್ಟಿಲು, ಬೀಳ್ಕೊಡುಗೆ ಭಾಷಣಕ್ಕೆ ಹೂಗುಚ್ಛ, ರಜೆ ಅರ್ಜಿಗೆ ಕೂಡ ಮೂಲೆಯಲ್ಲೊಂದು ಬಳ್ಳಿ. ಉಡಿಗಾಲದ ಯಜಮಾನರೊಬ್ಬರ ಗೃಹಪ್ರವೇಶದ ಪತ್ರಿಕೆಗೆ ಒಂದು ಮನೆಯ ಚಿತ್ರ ಹಾಕಿದೆ. ಆ ಮನೆಗೆ ಮೇಲೊಂದು ಹೊಗೆಗೂಡು, ಮಾಡಿನ ತುಂಬ ಹಿಮ. ಯಜಮಾನರು ಕನ್ನಡಕ ಏರಿಸಿ ನೋಡಿದರು. ಮಾಡಿನ ಮೇಲೆ ಇಷ್ಟೊಂದು ಸುಣ್ಣ ಯಾಕೆ ಸುರಿದಿದ್ದಾರೆ ಅಂತ ಕೇಳಿದರು. ಇಬ್ಬರೂ ನಕ್ಕೆವು. ಚಿತ್ರ ತೆಗೆದು ಪ್ರೆಸ್ಸಿನಲ್ಲಿ ಬಾಳೆಕಂಬದ ಅಚ್ಚಿನ ಬ್ಲಾಕು ಹಾಕಿಸಿದೆವು.

ಅವತ್ತೇ ನನಗೆ ಬುದ್ಧಿ ಬರಬೇಕಿತ್ತು. ಬರಲಿಲ್ಲ.

ಈಗ ಸುಶೀಲಳ ವಿಷಯ. ಸುಶೀಲ ಹೈಸ್ಕೂಲಿನಲ್ಲಿ ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತವಳು. ಗುಂಡ್ಲುಪೇಟೆಯಲ್ಲಿ ಡಾಕ್ಟರು. ಎರಡು ಕೋಣೆಯ ಸಣ್ಣ ಕ್ಲಿನಿಕ್ಕು. ಬರುವವರಲ್ಲಿ ಓದಲು ಬಾರದವರೇ ಹೆಚ್ಚು. ಚೀಟಿಯ ಮೇಲೆ ಏನು ಬರೆದರೂ ಅವರ ಪಾಲಿಗೆ ಇರುವೆ ಸಾಲು. ಅದಕ್ಕೆ ಅವಳು ಮಾತ್ರೆಯ ಪೊಟ್ಟಣದ ಮೇಲೆ ಪೆನ್ನಿನಲ್ಲಿ ಒಂದು ಸೂರ್ಯ, ಇನ್ನೊಂದರ ಮೇಲೆ ಒಂದು ಚಂದ್ರ ಬರೆದು, ಇದು ಬೆಳಿಗ್ಗೆ ಊಟಕ್ಕೆ ಮುಂಚೆ, ಇದು ರಾತ್ರಿ ಊಟ ಆದಮೇಲೆ ಅಂತ ಎರಡೆರಡು ಸಲ ಬಾಯಲ್ಲಿ ಹೇಳಿ ಕಳಿಸುತ್ತಿದ್ದಳು. ಅವಳು ಬರೆದ ಸೂರ್ಯ ಜೇಡದ ಹಾಗಿರುತ್ತಿತ್ತು. (ಸುಶೀಲ ಇದನ್ನು ಓದುತ್ತಾಳೆ. ಓದಲಿ.)

ಸಂತೆಯ ದಿನ ಎಪ್ಪತ್ತು ಎಂಬತ್ತು ಜನ ಬರುತ್ತಾರೆ. ಎಷ್ಟು ಸೂರ್ಯ ಬರೆದಾಳು? ಕೈ ಸೋತುಹೋಯಿತು. ನನ್ನ ಸಿ.ಡಿ.ಯ ಸಂಗತಿ ತಿಳಿದದ್ದೇ ತಡ, ಒಂದು ಕಾರ್ಡು ಮಾಡಿಕೊಡು ಅಂದಳು. ಎಡಗಡೆ ಸೂರ್ಯ, ಬಲಗಡೆ ಚಂದ್ರ, ಅವುಗಳ ಕೆಳಗೆ ಮಾತ್ರೆ ಅಂಟಿಸಿ ತೋರಿಸಲು ಜಾಗ. ಪ್ರಿಂಟು ತೆಗೆಯುವ ಚಿಂತೆ ಬೇಡ, ತಮ್ಮ ಕೊಡಿಸಿದ ಕಂಪ್ಯೂಟರೂ ಲೇಸರ್ ಪ್ರಿಂಟರೂ ಕ್ಲಿನಿಕ್ಕಿನಲ್ಲಿ ಮುಸುಕು ಹೊದ್ದು ಕೂತಿವೆ ಅಂದಳು. ನನ್ನ ಪ್ರಿಂಟರಿನಲ್ಲಿ ಚಿತ್ರಗಳು ಪಟ್ಟೆಪಟ್ಟೆ ಪಂಚೆಯ ಹಾಗೆ ಬರುತ್ತವೆ. ಒಪ್ಪಿಕೊಂಡೆ.

ಸಿ.ಡಿ.ಯಲ್ಲಿ ಸೂರ್ಯರು ಹನ್ನೆರಡು ಮಂದಿ ಇದ್ದರು. ಒಬ್ಬ ಕಪ್ಪು ಕನ್ನಡಕ ಹಾಕಿ ಹಲ್ಲು ಕಿರಿಯುತ್ತಿದ್ದ. ಅವನನ್ನು ಬಿಟ್ಟೆ. ಇನ್ನೊಬ್ಬ ಬರೀ ಉಂಡೆ, ಕಿತ್ತಳೆಹಣ್ಣಿನ ಹಾಗೆ. ಅವನನ್ನೂ ಬಿಟ್ಟೆ. ಕಡೆಗೆ ಒಬ್ಬ ಸಿಕ್ಕ. ಎರಡು ಬೆಟ್ಟ, ನಡುವೆ ಅರ್ಧ ಸೂರ್ಯ, ಸುತ್ತ ಕಿರಣ. ಎಷ್ಟು ಚೆಂದದ ಬೆಳಗು! ಅದನ್ನೇ ಆರಿಸಿದೆ.

ಚಂದ್ರನದ್ದು ಬೇರೆ ಫಜೀತಿ. ತಲೆಗೆ ಟೋಪಿ ಹಾಕಿಕೊಂಡು ಮಲಗಿದ್ದ. ಟೋಪಿ ತೆಗೆಯಲು ಒಂದು ಮಧ್ಯಾಹ್ನ ಹಿಡಿಯಿತು. (ಓದುಗರು ಕೆಲವರು ಪತ್ರ ಬರೆದು ಕೇಳಿದ್ದಿರಲ್ಲ, ಅದಕ್ಕೆ ಹೇಳುತ್ತೇನೆ. ಇಂಥ ಚಿತ್ರಗಳು ಹತ್ತಾರು ತುಂಡು ಸೇರಿ ಆಗಿರುತ್ತವೆ. ಚಿತ್ರ ಆರಿಸಿ ‘ಅನ್‌ಗ್ರೂಪ್’ ಕೊಟ್ಟರೆ ಹೊಲಿಗೆ ಬಿಚ್ಚಿದ ರವಿಕೆಯ ಹಾಗೆ ತುಂಡುಗಳು ಬೇರೆಯಾಗುತ್ತವೆ. ಬೇಡದ್ದನ್ನು ತೆಗೆದು ಮತ್ತೆ ‘ಗ್ರೂಪ್’ ಕೊಟ್ಟು ಹೊಲಿಯಿರಿ.) ಚಿತ್ರ ದೊಡ್ಡದು ಮಾಡುವಾಗ ಪಕ್ಕದ ಚುಕ್ಕೆ ಹಿಡಿದೆಳೆದೆ, ಚಂದ್ರ ಸೌತೆಕಾಯಿಯಾದ. ಮೂಲೆಯ ಚುಕ್ಕೆ ಹಿಡಿದೇ ಎಳೆಯಬೇಕು. ಮೇಲೆ ಒಂದು ಸಾಲು ಸೇರಿಸಿದೆ, ಸೂರ್ಯ ಹೇಳದೆ ಕೇಳದೆ ಮುಂದಿನ ಪುಟಕ್ಕೆ ಹೋದ. ಚಿತ್ರವನ್ನು ಅಕ್ಷರದ ಮೇಲೆ ತೇಲಲು ಬಿಡದೆ ಸಾಲಿನೊಳಗೇ ಕೂರಿಸಿದ ಮೇಲೆ ಅದೂ ನಿಂತಿತು.

ಒಂದೊಂದು ತೊಡಕು ಬಿಡಿಸಿದಾಗಲೂ ನನಗೆ ನನ್ನ ಮೇಲೆ ಅಭಿಮಾನ ಹೆಚ್ಚುತ್ತಿತ್ತು. ಈ ವಯಸ್ಸಿನಲ್ಲಿ ಕಲಿತೆನಲ್ಲ!

ಕಾರ್ಡು ಸಿದ್ಧವಾಯಿತು. ಫ್ಲಾಪಿಗೆ ಹಾಕಲು ಹೋದರೆ ಹಿಡಿಸಲಿಲ್ಲ. ಸುಶೀಲಳ ಕಂಪ್ಯೂಟರಿನಲ್ಲಿ ಕನ್ನಡ ಅಕ್ಷರ ಇಲ್ಲ, ಆ ಫಾಂಟುಗಳನ್ನೂ ಅದೇ ಫ್ಲಾಪಿಯಲ್ಲಿ ಒಯ್ಯಬೇಕು. ಸಾಫ್ಟ್‌ವೇರ್ ಹಾಕಿಕೊಟ್ಟಿದ್ದ ಮೈಸೂರಿನವರಿಗೆ ಫೋನು ಮಾಡಿದೆ. ಚಿತ್ರ ಹಾಕುವಾಗ ‘ಲಿಂಕ್’ ಅನ್ನುವ ಕಡೆ ಗುರುತು ಹಾಕಿ, ಫೈಲು ಹಗುರವಾಗುತ್ತದೆ ಅಂದರು. ಹಾಕಿದೆ. ಆಯಿತು. ಫ್ಲಾಪಿಗೆ ಧೂಳು ತಾಗದಿರಲಿ ಅಂತ ಊಟದ ಕ್ಯಾರಿಯರಿನ ಕೆಳಗಿನ ಡಬ್ಬಿಯಲ್ಲಿಟ್ಟು, ಮೇಲಿನ ಡಬ್ಬಿಗೆ ಚಿತ್ರಾನ್ನ ತುಂಬಿಕೊಂಡು ತೆರಕಣಾಂಬಿ ಮೇಲಿನ ಬಸ್ಸು ಹತ್ತಿದೆ.

ಗುಂಡ್ಲುಪೇಟೆಯಲ್ಲಿ ಫೈಲು ತೆರೆದರೆ ಸೂರ್ಯನಿಲ್ಲ. ಚಂದ್ರನೂ ಇಲ್ಲ. ಅವರಿದ್ದ ಜಾಗದಲ್ಲಿ ಎರಡು ಖಾಲಿ ಚೌಕ. ಚೌಕದೊಳಗೆ ಕೆಂಪು ಬಣ್ಣದ ಇಂಟು ಗುರುತು.

ಸುಶೀಲ ಹೆಗಲ ಮೇಲಿಂದ ಬಗ್ಗಿ ನೋಡಿದಳು. “ಇದೇನೇ, ಬೆಳಿಗ್ಗೆನೂ ಬೇಡ, ರಾತ್ರಿನೂ ಬೇಡ ಅಂತ ಹಾಕಿದ್ದೀಯಾ? ನನ್ನ ಕ್ಲಿನಿಕ್ಕು ಮುಚ್ಚಿಸ್ತೀಯ ಕಣೇ.”

ನನಗೆ ನಗು ಬರಲಿಲ್ಲ. ಅಳುವುದೊಂದು ಬಾಕಿ.

ಆಮೇಲೆ ತಿಳಿಯಿತು. ಲಿಂಕ್ ಹಾಕಿದರೆ ಫೈಲಿನೊಳಗೆ ಚಿತ್ರ ಇರುವುದಿಲ್ಲ, ಚಿತ್ರ ಎಲ್ಲಿದೆ ಅನ್ನುವ ವಿಳಾಸ ಮಾತ್ರ ಇರುತ್ತದೆ. ಚಿತ್ರ ಚಾಮರಾಜನಗರದ ನನ್ನ ಮೇಜಿನ ಮೇಲೇ ಉಳಿದಿತ್ತು. ಮದುವೆಗೆ ನೆಂಟರು ಬರದೆ ಅವರ ವಿಳಾಸದ ಚೀಟಿ ಬಂದ ಹಾಗಾಯಿತು. ಸರಿಮಾಡುವುದು ಸುಲಭ. ಲಿಂಕ್ ಗುರುತು ತೆಗೆದು ಚಿತ್ರವನ್ನು ಫೈಲಿನೊಳಗೇ ಉಳಿಸಬೇಕು. ಫೈಲು ಭಾರವಾದರೆ ಎರಡು ಫ್ಲಾಪಿ ಒಯ್ಯಬೇಕು, ಅಷ್ಟೆ. ಆ ವಾರವೇ ಇನ್ನೊಂದು ಸಲ ಬಸ್ಸು ಹತ್ತಿದೆ. ಕ್ಯಾರಿಯರಿನಲ್ಲಿ ಎರಡು ಫ್ಲಾಪಿ. (ಚಿತ್ರಾನ್ನಕ್ಕೆ ಜಾಗ ಉಳಿಯಲಿಲ್ಲ. ಸುಶೀಲಳ ಮನೆಯಲ್ಲೇ ಉಂಡೆ.)

ನೂರಿಪ್ಪತ್ತು ಕಾರ್ಡು. ಒಂದಾದ ಮೇಲೊಂದು ಬಿಸಿಬಿಸಿಯಾಗಿ ಬಂದವು. ಎಲ್ಲದರಲ್ಲೂ ಬೆಟ್ಟದ ನಡುವೆ ಸೂರ್ಯ, ಟೋಪಿಯಿಲ್ಲದ ಚಂದ್ರ. ಒಂದೂ ಸೊಟ್ಟಗಿಲ್ಲ, ಒಂದೂ ಮಸಿಯಾಗಿಲ್ಲ. ಎಲ್ಲ ಸಮಸ್ಯೆ ತೀರಿತು ಅಂದುಕೊಂಡೆ. ಒಂದು ಕಾರ್ಡು ತಂದು ನನ್ನ ಮೇಜಿನ ಗಾಜಿನ ಕೆಳಗೂ ಇಟ್ಟುಕೊಂಡೆ.

ಮೂರು ವಾರ ಕಳೆಯಿತು. ಒಂದು ಬೆಳಿಗ್ಗೆ ಪಕ್ಕದ ಅಂಗಡಿಯ ಎಸ್.ಟಿ.ಡಿ. ಬೂತಿಗೆ ಫೋನು ಬಂತು. ಸುಶೀಲ. ಕಾರ್ಡಿನದ್ದೊಂದು ವಿಷಯ ಇದೆ, ಇವತ್ತೇ ಬಾ ಅಂದಳು. ದನಿಯಲ್ಲಿ ತಮಾಷೆ ಇರಲಿಲ್ಲ. ಏನು ಅಂತ ಕೇಳಿದೆ. ಹಂಗಳದ ಒಬ್ಬರು ಬಿದ್ದುಬಿಟ್ಟಿದ್ದರು, ಈಗ ಎದ್ದು ಕೂತಿದ್ದಾರೆ, ನೀನು ಬಾ ಅಂದು ಇಟ್ಟುಬಿಟ್ಟಳು.

ಆ ಒಂದೂವರೆ ಗಂಟೆಯ ಬಸ್ಸು ಪ್ರಯಾಣ ಹೇಗಿತ್ತೆಂದು ನನಗೇ ಗೊತ್ತು. ಯಾವ ಚಿತ್ರ ಹಾಳಾಗಿರಬಹುದು? ಮಸಿ ಅಂಟಿರಬಹುದೇ? ಮಡಿಸಿದಲ್ಲಿ ಅಳಿಸಿಹೋಗಿರಬಹುದೇ? ನನ್ನ ತಲೆಯೊಳಗೆ ಓಡುತ್ತಿದ್ದದ್ದು ಪ್ರಿಂಟರಿನ ರೋಗಗಳು ಮಾತ್ರ. ಇರಲಿ ಅಂತ ಸಿ.ಡಿ.ಯನ್ನೂ ಚೀಲಕ್ಕೆ ಹಾಕಿಕೊಂಡಿದ್ದೆ.

ಕ್ಲಿನಿಕ್ಕಿನ ಒಳಕೋಣೆಯ ಬೆಂಚಿನ ಮೇಲೆ ಅರವತ್ತು ದಾಟಿದ ಹೆಂಗಸೊಬ್ಬರು ಕಾಲು ಮಡಿಸಿ ಕೂತಿದ್ದರು. ಹಣೆ ತುಂಬ ವಿಭೂತಿ. ಪಕ್ಕದಲ್ಲಿ ಸೊಸೆ ರತ್ನಮ್ಮ. ಇವರೇ ಮಾದಮ್ಮ ಅಂದಳು ಸುಶೀಲ. ಆಮೇಲೆ ಆ ಬೆಳಗಿನ ಸಂಗತಿ ಹೇಳಿದಳು. ಸಕ್ಕರೆ ಕಾಯಿಲೆಯ ಮಾತ್ರೆ ಎರಡೂ ಸಂಜೆಯ ಮೇಲೇ ಹೊಟ್ಟೆ ಸೇರುತ್ತಿದ್ದವು. ಬೆಳಗಾಗುವ ಹೊತ್ತಿಗೆ ರಕ್ತದಲ್ಲಿ ಸಕ್ಕರೆ ತಳ ಕಾಣುತ್ತಿತ್ತು. ಮಾದಮ್ಮ ಹೊಸ್ತಿಲಲ್ಲಿ ಕುಸಿದಾಗ ರತ್ನಮ್ಮ ಗಾಬರಿಯಲ್ಲಿ ಸಿಹಿ ಕೊಡಬೇಡಿ ಅಂತ ಡಾಕ್ಟರು ಹೇಳಿದ್ದನ್ನೂ ಮರೆತು, ತನಗೆಂದು ಕಾಸಿದ್ದ ಬೆಲ್ಲದ ಕಾಫಿಯನ್ನು ಅತ್ತೆಯ ಬಾಯಿಗೆ ಹಿಡಿದಿದ್ದಳು. ಅದೇ ಉಳಿಸಿತು. ಕಾಫಿ ಕುಡಿಸದೆ ಬಸ್ಸಿಗೆ ಕಾಯುತ್ತಾ ಕೂತಿದ್ದರೆ ಇಲ್ಲಿಗೆ ಬರುವಷ್ಟರಲ್ಲಿ ಮಾದಮ್ಮನವರಿಗೆ ಎಚ್ಚರ ಇರುತ್ತಿರಲಿಲ್ಲ ಅಂದಳು ಸುಶೀಲ, ತಣ್ಣಗೆ.

“ಬ್ಯಾಡ ಅಂದಿದ್ ಬೆಲ್ಲನ ಕೊಟ್ಬುಟ್ಟೆ ಅಂತ ಈಗ್ಲೂವೆ ಎದ್ರಿಕೆ ಕಣಕ್ಕ ನಂಗೆ” ಅಂದಳು ರತ್ನಮ್ಮ ನನ್ನ ಕಡೆ ತಿರುಗಿ.

ಸುಶೀಲ ಮೇಜಿನಿಂದ ನನ್ನ ಕಾರ್ಡು ತೆಗೆದು ಮಾದಮ್ಮನವರ ಕೈಗೆ ಕೊಟ್ಟಳು. ಎಡಗಡೆಯ ಚಿತ್ರದ ಮೇಲೆ ಬೆರಳಿಟ್ಟು, ಇದು ಯಾವ ಹೊತ್ತು, ಇವರಿಗೆ ಹೇಳಿ ಅಂದಳು.

“ಬೈಗು” ಅಂದರು ಮಾದಮ್ಮ. ತಡವರಿಸಲೂ ಇಲ್ಲ. “ಒತ್ತು ಮುಳುಗಾ ಒತ್ತು.”

ಬಲಗಡೆಯದ್ದು?

“ಅದು ರಾತ್ರಿ. ಉಂಡು ಮನೀಕೊಳ್ಳಾ ಒತ್ತು.”

ನನಗೆ ಸುಮ್ಮನಿರಲಾಗಲಿಲ್ಲ. ಬೆಟ್ಟದ ಸಂದಿಯಿಂದ ಸೂರ್ಯ ಹುಟ್ಟುತ್ತಿರುವುದು ಕಾಣುವುದಿಲ್ಲವೇ ಅಂತ ಕೇಳಿಬಿಟ್ಟೆ. ಕೇಳಿದ ಧಾಟಿ ಸ್ವಲ್ಪ ಜೋರಾಗಿಯೇ ಇತ್ತು. ತಪ್ಪು ಮಾಡಿದವರ ದನಿ ಮೊದಲು ಏರುತ್ತದಲ್ಲ, ಹಾಗೆ.

ಮಾದಮ್ಮ ನನ್ನನ್ನೇ ನೋಡಿದರು. ಮಗುವಿಗೆ ದಿಕ್ಕು ಹೇಳಿಕೊಡುವ ಹಾಗೆ ಕೈ ಎತ್ತಿ ತೋರಿಸಿದರು. “ನಮ್ಮೂರ್‌ಗೆ ಗೋಪಾಲಸ್ವಾಮಿ ಬೆಟ್ಟ ಇರಾದೇ ಆ ಕಡೀಕೆ ಕಣವ್ವ. ಒತ್ತು ಉಟ್ಟಾದು ಒಲದ್ ಕಡೆಯಿಂದ. ಬೆಟ್ಟದ್ ಮ್ಯಾಲೆ ಓಗಿ ಮುಳುಗ್ತದೆ. ಉಟ್ಟಿದಾಗ್ಲಿಂದ ಅಂಗೇ ನೋಡೀವ್ನಿ. ಬೆಟ್ಟದಲ್ಲಿ ಒತ್ತು ಉಟ್ಟಾದ್ನ ನಾ ಕಾಣೆ. ನಿಮ್ಮೂರಲ್ಲಿ ಉಟ್ತದಾ?”

ನಮ್ಮೂರಿನಲ್ಲಿ ಹುಟ್ಟುತ್ತದೆ.

ಆಗ ನನಗೆ ತಿಳಿಯಿತು. ಚಾಮರಾಜನಗರದ ನಮ್ಮ ತಾರಸಿಯಲ್ಲಿ ನಿಂತರೆ ಮೂಡಲಿಗೆ ಬಿಳಿಗಿರಿರಂಗನ ಬೆಟ್ಟದ ಸಾಲು. ಇಪ್ಪತ್ತೈದು ವರ್ಷದಿಂದ ಬೆಳಿಗ್ಗೆ ಬಟ್ಟೆ ಒಣಹಾಕಲು ಹತ್ತಿದಾಗೆಲ್ಲ ಸೂರ್ಯ ಅಲ್ಲಿಂದಲೇ ಬರುವುದನ್ನು ನೋಡಿದ್ದೇನೆ. ಹನ್ನೆರಡು ಸೂರ್ಯರಲ್ಲಿ ಅದೊಂದೇ ಬೆಳಗಿನ ಸೂರ್ಯ ಅಂತ ಕಂಡದ್ದು ಅದಕ್ಕೇ. ನಾನು ಆರಿಸಿದ್ದು ನನ್ನ ತಾರಸಿಯನ್ನು. ಮಾದಮ್ಮನವರ ಹಿತ್ತಿಲಿನಿಂದ ಅದೇ ಚಿತ್ರ ನೋಡಿದರೆ ದನ ಮನೆಗೆ ಬರುವ ಹೊತ್ತು, ದೀಪ ಹಚ್ಚುವ ಹೊತ್ತು. ಒಂದೇ ಜಿಲ್ಲೆ. ಎರಡು ಬೆಟ್ಟ. ಅವರು ನೋಡಿದ್ದರಲ್ಲಿ ಎಳ್ಳಷ್ಟೂ ತಪ್ಪಿರಲಿಲ್ಲ.

ಬೆಳಿಗ್ಗೆಗೆ ಮಾತ್ರೆಯೇ ಇಲ್ಲವೆಂದು ನಿಮಗೆ ಅನುಮಾನ ಬರಲಿಲ್ಲವೇ ಅಂತ ಕೇಳಿದೆ, ಈ ಸಲ ಮೆತ್ತಗೆ. ಬಂತಂತೆ. ಆದರೆ ಅಚ್ಚು ಹಾಕಿಸಿದ ಕಾಗದ ಸುಳ್ಳು ಹೇಳುತ್ತದೆಯೇ ಅಂದುಕೊಂಡು ಸುಮ್ಮನಾದರಂತೆ. ಪೆನ್ನಿನಲ್ಲಿ ಬರೆದಿದ್ದರೆ ಕೇಳುತ್ತಿದ್ದರಂತೆ.

ಈ ಮಾತು ಕೇಳಿ ಸುಶೀಲ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದಳು. “ನಿನ್ನೊಬ್ಬಳದ್ದೇ ತಪ್ಪಲ್ಲ ಕಣೇ. ಕಾರ್ಡು ಬಂದ ಮೇಲೆ ನಾನು ಬಾಯಲ್ಲಿ ಹೇಳೋದನ್ನ ಬಿಟ್ಟುಬಿಟ್ಟೆ. ಚಿತ್ರ ಇದೆಯಲ್ಲ, ಅದೇ ಹೇಳುತ್ತೆ ಅಂದ್ಕೊಂಡೆ.”

ನನಗೆ ಸಮಾಧಾನ ಆಗಲಿಲ್ಲ. ಕಾರ್ಡು ಕೊಟ್ಟಿದ್ದು ಮಾದಮ್ಮನವರಿಗೆ ಮಾತ್ರವೇ? ರಿಜಿಸ್ಟರು ತೆಗೆದು ನೋಡಿದೆವು. ನಲವತ್ತೊಂದು ಜನ. ಅವರಲ್ಲಿ ಸಕ್ಕರೆಯವರು ಎಷ್ಟು, ರಕ್ತದೊತ್ತಡದವರು ಎಷ್ಟು, ಯಾರು ಯಾವೂರು ಅಂತ ಪಟ್ಟಿ ಮಾಡಿದ್ದು ನಾನೇ. ಪಟ್ಟಿ ಮಾಡುವುದು ನನಗೆ ಬರುವ ಕೆಲಸ. ಆದರೆ ಅವತ್ತು ಒಂದೊಂದು ಹೆಸರು ಬರೆಯುವಾಗಲೂ ಒಂದೊಂದು ಹೊಸ್ತಿಲು ಕಣ್ಣಿಗೆ ಬರುತ್ತಿತ್ತು. ಆ ಕಡೆ ಹೋಗುವ ಬಸ್ಸುಗಳ ಕಂಡಕ್ಟರುಗಳ ಕೈಯಲ್ಲಿ ಸುಶೀಲ ಹೇಳಿಕಳಿಸಿದಳು. ಕಾರ್ಡು ತೆಗೆದುಕೊಂಡು ಬನ್ನಿ, ಬಂದು ಹೋಗುವ ತನಕ ಎರಡು ಮಾತ್ರೆ ಒಟ್ಟೊಟ್ಟಿಗೆ ನುಂಗಬೇಡಿ ಅಂತ. ವಾರದೊಳಗೆ ಎಲ್ಲರೂ ಬಂದರು. ಗೋಪಾಲಸ್ವಾಮಿ ಬೆಟ್ಟದ ಬುಡದ ಊರುಗಳ ಏಳು ಜನ ಮಾದಮ್ಮನವರ ಹಾಗೆಯೇ ಸಂಜೆ ನುಂಗುತ್ತಿದ್ದರು. ನಮ್ಮ ಹಾಗೆಯೇ ಬೆಟ್ಟವನ್ನು ಮೂಡಲಿಗೆ ನೋಡುವ ಹರವೆ ಕಡೆಯವರು ಸರಿಯಾಗಿ ನುಂಗಿದ್ದರು. ಸದ್ಯ, ಬಿದ್ದವರು ಬೇರೆ ಯಾರೂ ಇರಲಿಲ್ಲ. (ಒಬ್ಬರು ಚಿತ್ರ ಚೆನ್ನಾಗಿದೆ ಅಂತ ಕಾರ್ಡಿಗೆ ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದ್ದರಂತೆ. ಮಾತ್ರೆಯನ್ನು ತಮಗೆ ತೋಚಿದಾಗ ನುಂಗುತ್ತಿದ್ದರು.)

ಅವತ್ತಿಗೆ ಮತ್ತೆ ಬರೋಣ. ಮಾದಮ್ಮನವರ ಬಸ್ಸಿಗೆ ಇನ್ನೂ ಹೊತ್ತಿತ್ತು. ಅವರು ಹೋಗುವ ಮುಂಚೆಯೇ ಇದನ್ನು ಸರಿಮಾಡಬೇಕು ಅಂತ ಹಟ ಬಂತು. ಸುಶೀಲಳ ಕಂಪ್ಯೂಟರಿಗೆ ಸಿ.ಡಿ. ಹಾಕಿದೆ. ಕುರ್ಚಿ ಎಳೆದು ಮಾದಮ್ಮನವರನ್ನು ಪಕ್ಕದಲ್ಲಿ ಕೂರಿಸಿಕೊಂಡೆ.

ಮೊದಲು ‘ಅನ್‌ಗ್ರೂಪ್’ ಕೊಟ್ಟು ಎರಡು ಬೆಟ್ಟವನ್ನೂ ಕಿತ್ತುಹಾಕಿದೆ. ಬೆಟ್ಟ ಹೋಯಿತು. ಉಳಿದದ್ದು ಅರ್ಧ ಸೂರ್ಯ. ಮಾದಮ್ಮ ಬಗ್ಗಿ ನೋಡಿ, ಅರ್ಧ ರೊಟ್ಟಿಯನ್ನು ಯಾರಿಗೆ ಎತ್ತಿಟ್ಟಿದ್ದೀರಿ ಅಂದರು. ಸುಶೀಲ ನಗಲು ಶುರು ಮಾಡಿದಳು.

ಆಮೇಲೆ ಕೋಳಿ. ಹುಂಜ ಕೂಗಿದರೆ ಬೆಳಗು, ಇದರಲ್ಲಿ ಯಾವ ಬೆಟ್ಟವೂ ಅಡ್ಡ ಬರುವುದಿಲ್ಲ! ಸಿ.ಡಿ.ಯಲ್ಲಿ ಒಳ್ಳೆಯ ಹುಂಜವೇ ಇತ್ತು, ಕೆಂಪು ಜುಟ್ಟಿನದ್ದು. ತೋರಿಸಿದೆ.

ಮಾದಮ್ಮ ಮುಖ ಹಿಂದಕ್ಕೆ ಎಳೆದುಕೊಂಡರು. “ಅಯ್ಯೋ ಬುಡವ್ವ. ನಾವು ತಿನ್ನೋರಲ್ಲ. ಈ ಔಸ್ದಿಗೆ ಅದ್ನ ತಿನ್ಲೇಬೇಕಾ?”

ಕೋಳಿಯನ್ನೂ ಕಳಿಸಿದೆ. ಬೆಳಿಗ್ಗೆ ಎದ್ದು ಅಂಗಳ ಗುಡಿಸುತ್ತಾರಲ್ಲ ಅಂತ ಪೊರಕೆ ಹುಡುಕಿದೆ. ಉದ್ದ ಕೋಲಿನ ಪೊರಕೆಯ ಮೇಲೆ ಮೊನೆಟೋಪಿಯ ಮುದುಕಿ ಕೂತು ಹಾರುತ್ತಿದ್ದಳು. ಅದನ್ನು ನಾನೇ ಮುಚ್ಚಿದೆ. ತೋರಿಸುವ ಧೈರ್ಯ ಆಗಲಿಲ್ಲ.

ಕೈ ಸೋತಿತು. ಮೌಸು ಬಿಟ್ಟು, ಮೊದಲೇ ಕೇಳಬೇಕಾಗಿದ್ದ ಪ್ರಶ್ನೆಯನ್ನು ಕೇಳಿದೆ. ನಿಮಗೆ ಬೆಳಗಾಯಿತು ಅಂತ ಹೇಗೆ ಗೊತ್ತಾಗುತ್ತದೆ? ಸೂರ್ಯನನ್ನು ನೋಡಿಯೇ?

ಅವರಿಗೆ ನಗು ಬಂತು. “ಬೆಳಿಗ್ಗೆ ಎದ್ದು ಸೂರ್ಯನ್ನ ನೋಡ್ತಾ ನಿಂತ್ಕಂಡ್ರೆ ಕೆಲಸ ಯಾರವ್ವ ಮಾಡಾರು? ಬಾಗಿಲ್ಗೆ ನೀರಾಕಿ ರಂಗೋಲೆ ಬುಟ್ರೆ ಬೆಳಗಾಯ್ತು.”

ಸಂಜೆ ರಂಗೋಲಿ ಬಿಡುವುದಿಲ್ಲ. ರಾತ್ರಿ ಬಿಡುವುದಿಲ್ಲ. ಬೆಳಿಗ್ಗೆ ಒಂದೇ ಸಲ, ಅದೂ ಬಾಯಿಗೆ ಏನೂ ಹಾಕಿಕೊಳ್ಳುವ ಮೊದಲು. ಸುಶೀಲ ಮಾತ್ರೆಗೆ ಕೇಳುತ್ತಿದ್ದದ್ದೂ ಅದೇ ಹೊತ್ತನ್ನಲ್ಲವೇ? ಕಾರ್ಡಿನ ಹಿಂಬದಿ ತಿರುಗಿಸಿ ಅವರ ಕೈಗೆ ಪೆನ್ನು ಕೊಟ್ಟೆ. ಪೆನ್ನು ಹಿಡಿದು ಗೊತ್ತಿಲ್ಲ ಅಂತ ಎರಡು ಸಲ ಹೇಳಿದರು. ಮೂರನೆಯ ಸಲ ತೆಗೆದುಕೊಂಡರು, ಹಿಟ್ಟು ಹಿಡಿಯುವ ಹಾಗೆ ಮೂರು ಬೆರಳಿನಲ್ಲಿ. ಚುಕ್ಕೆ ಇಟ್ಟರು. ಐದು, ಮೂರು, ಒಂದು. ಗೆರೆ ಎಳೆದು ಸೇರಿಸಿದರು. ಒಂದು ಗೆರೆಯೂ ತಪ್ಪಲಿಲ್ಲ, ಮೂಲೆಯ ಚುಕ್ಕೆ ಹಿಡಿದೆಳೆಯುವ ಪಾಠ ಅವರಿಗೆ ಬೇಕಾಗಿರಲಿಲ್ಲ.

ಸಿಕ್ಕಿತು ಅಂದೆ. ಇದನ್ನೇ ಕತ್ತರಿಸಿ ಅಂಟಿಸಿ ಜೆರಾಕ್ಸ್ ಮಾಡಿಸೋಣ, ಎಲ್ಲ ಕಾರ್ಡಿಗೂ ಇದೇ ಚಿತ್ರ. ಆಗಲೇ ಕತ್ತರಿ ಹುಡುಕುತ್ತಿದ್ದೆ.

ಮಾದಮ್ಮ ಪೆನ್ನು ಮುಚ್ಚಿ ನನ್ನ ಕೈಗಿತ್ತರು. “ಸಾವಾದ್ ಮನೇಲಿ ರಂಗೋಲೆ ಬುಡಾಕಿಲ್ಲ ಕಣವ್ವ. ಸಾಬ್ರು ಮನೇಲೂ ಬುಡಾಕಿಲ್ಲ. ಮತ್ತೆ ನಂದೇ ಎಲ್ಲಾರ್ಗೂ ಅಚ್ಚಾಕ್ಬುಟ್ರೆ, ಅವ್ರು ಯಾವಾಗ ನುಂಗಾರು?”

ಕತ್ತರಿ ಕೆಳಗಿಟ್ಟೆ.

ನನಗೆ ಒಂದು ಘಳಿಗೆ ನಾಚಿಕೆಯಾಯಿತು. ಬಿದ್ದು ಎದ್ದು ಬಂದವರು ಅವರು. ಆದರೂ ತಮ್ಮ ಚಿತ್ರ ನೂರು ಮನೆಗೆ ಹೋಗುತ್ತದೆ ಅಂತ ಉಬ್ಬಲಿಲ್ಲ. ಅದು ಯಾರ ಮನೆಯಲ್ಲಿ ತಪ್ಪಾಗುತ್ತದೆ ಅಂತ ಮೊದಲು ಯೋಚಿಸಿದರು. ಬೆಟ್ಟದ ಸೂರ್ಯನನ್ನು ಆರಿಸಿ, ಗಾಜಿನ ಕೆಳಗೆ ಇಟ್ಟುಕೊಂಡು ಮೆರೆದವಳಿಗೆ ಆ ಯೋಚನೆ ಬಂದಿತ್ತೇ?

ಈಗ ಕಾರ್ಡು ಬದಲಾಗಿದೆ. ಬಲಗಡೆ ಟೋಪಿಯಿಲ್ಲದ ಚಂದ್ರ ಹಾಗೆಯೇ ಇದ್ದಾನೆ, ಅವನ ಬಗ್ಗೆ ಯಾರ ತಕರಾರೂ ಇಲ್ಲ. (ಅಮಾವಾಸ್ಯೆಯ ದಿನ ಏನು ಮಾಡುತ್ತೀರಿ ಅಂತ ಮಾದಮ್ಮನವರನ್ನು ಕೇಳಿದ್ದೆ. ಅವತ್ತು ಊಟ ಮಾಡುವುದಿಲ್ಲವೇ ಅಂತ ಅವರೇ ನನ್ನನ್ನು ಕೇಳಿದರು.) ಎಡಗಡೆ ಏನೂ ಇಲ್ಲ. ಒಂದು ಖಾಲಿ ಚೌಕ. ಸುಶೀಲ ಒಬ್ಬೊಬ್ಬರನ್ನೂ ಕೂರಿಸಿ, ನಿಮಗೆ ಬೆಳಗಾಗುವುದು ಯಾವುದರಿಂದ ಅಂತ ಕೇಳುತ್ತಾಳೆ. ಅವರು ಹೇಳಿದ್ದನ್ನು ಅವರ ಕೈಯಲ್ಲೇ ಚೌಕದೊಳಗೆ ಬರೆಸುತ್ತಾಳೆ. ಬಾರದಿದ್ದರೆ ತಾನೇ ಬರೆಯುತ್ತಾಳೆ, ಜೇಡದ ಹಾಗೆ. ಬರೆದಾದ ಮೇಲೆ ಇದು ಯಾವ ಹೊತ್ತು ಅಂತ ತಿರುಗಿ ಕೇಳುತ್ತಾಳೆ. ಇದಕ್ಕೆ ಸಮಯ ಹಿಡಿಯುತ್ತದೆ. ಸಂತೆಯ ದಿನ ಹೊರಗೆ ಕೂತವರು ಗೊಣಗುತ್ತಾರೆ. ಗೊಣಗಲಿ ಅನ್ನುತ್ತಾಳೆ.

ಹೋದ ವಾರ ಗುಂಡ್ಲುಪೇಟೆಗೆ ಹೋಗಿದ್ದಾಗ ಆ ಚೌಕಗಳನ್ನು ನೋಡಿದೆ. ಹರವೆಯ ಒಬ್ಬರು ತಮ್ಮೂರಿಗೆ ಬರುವ ಮೊದಲ ಬಸ್ಸು ಬರೆದಿದ್ದರು, ಚಕ್ರ ಮೂರೇ. ಕೇರಳದ ಕಡೆಯಿಂದ ಬಂದು ಇಲ್ಲಿ ಚಹಾ ಅಂಗಡಿ ಇಟ್ಟಿರುವವರು ಅರ್ಧ ಎತ್ತಿದ ಷಟರು ಬರೆದಿದ್ದರು. ಒಬ್ಬರು ಬರೀ ಒಂದು ಗೀಟು ಎಳೆದು, ನನಗೆ ತಿಳಿಯುತ್ತದೆ ಸಾಕು ಅಂದಿದ್ದರಂತೆ. ಅಂಥ ಚಿತ್ರಗಳು ನನ್ನ ಸಿ.ಡಿ.ಯಲ್ಲಿ ಒಂದೂ ಇಲ್ಲ.

ಮಾದಮ್ಮನವರೂ ಬಂದಿದ್ದರು. ಸಕ್ಕರೆ ಹತೋಟಿಯಲ್ಲಿದೆ. ಸೆರಗಿನ ಗಂಟು ಬಿಚ್ಚಿ ಮಡಿಸಿದ ಕಾರ್ಡು ತೋರಿಸಿದರು. ಮಡಿಕೆಯಲ್ಲಿ ಚಂದ್ರ ಸವೆದಿದ್ದ, ರಂಗೋಲಿ ಸವೆದಿರಲಿಲ್ಲ. ಸವೆದಾಗಲೆಲ್ಲ ಅವರೇ ಮೇಲೆ ತಿದ್ದುತ್ತಾರಂತೆ, ಮೊಮ್ಮಗಳ ಸೀಸದಕಡ್ಡಿಯಲ್ಲಿ.

ಚಾಮರಾಜನಗರಕ್ಕೆ ಬಂದು ಗಾಜಿನ ಕೆಳಗಿದ್ದ ಹಳೆಯ ಕಾರ್ಡು ತೆಗೆಯಲು ಹೋದೆ. ತೆಗೆಯಲಿಲ್ಲ. ಅಲ್ಲೇ ಇರಲಿ. ಕ್ಲಿಪ್ ಆರ್ಟಿನ ತೊಂದರೆ ಬಗೆಹರಿಸುವುದು ಹೇಗೆ ಅಂತ ಕೇಳುತ್ತಾ ಬಂದವರಿಗೆ ಲಿಂಕ್ ತೆಗೆಯಿರಿ, ಮೂಲೆ ಹಿಡಿದೆಳೆಯಿರಿ ಅಂತೆಲ್ಲ ಹೇಳಿ ಮುಗಿದ ಮೇಲೆ ಆ ಕಾರ್ಡನ್ನೂ ತೋರಿಸುತ್ತೇನೆ.

ಚಿತ್ರ ಸಿಗದಿದ್ದರೆ ಕಂಪ್ಯೂಟರು ಕೆಂಪು ಗುರುತು ಹಾಕಿ ಎಚ್ಚರಿಸುತ್ತದೆ. ಚಿತ್ರ ಸಿಕ್ಕಿ, ಒಂದಿಷ್ಟೂ ಸೊಟ್ಟಗಾಗದೆ ಕೂತು, ಹಂಗಳಕ್ಕೆ ಹೋಗಿ ಬೈಗಾಗಿಬಿಟ್ಟರೆ?